ಗೋಡೆ ಉಳಿಯಿತು, ಬಣ್ಣ ಉಳಿಯಲಿಲ್ಲ

ಜರ್ಮನಿಯ ಬರ್ಲಿನ್ ನಗರದಲ್ಲಿ ಸ್ಪ್ರೀ ನದಿಯ ದಂಡೆಗುಂಟ ಸುಮಾರು 1.3 ಕಿಲೋಮೀಟರ್ ಉದ್ದದ ಕಾಂಕ್ರೀಟ್ ಗೋಡೆಯೊಂದಿದೆ. ಎತ್ತರ ಸುಮಾರು 3.6 ಮೀಟರ್. ಅದರ ಮೈತುಂಬ ಚಿತ್ರಗಳು. ಹೆಸರು ‘ಈಸ್ಟ್ ಸೈಡ್ ಗ್ಯಾಲರಿ’. 1961ರ ಆಗಸ್ಟ್ 13ರಂದು ನಗರವನ್ನು ಎರಡಾಗಿ ಸೀಳಲು ಆರಂಭಿಸಿದ ಬರ್ಲಿನ್ ಗೋಡೆಯ ಉಳಿದ ತುಂಡುಗಳಲ್ಲಿ ಇದೇ ಅತಿ ಉದ್ದವಾದುದು.

ಪಶ್ಚಿಮ ಬರ್ಲಿನ್ನಿನ ಕಲಾವಿದರು 1980ರ ದಶಕದಲ್ಲೇ ತಮ್ಮ ಕಡೆಯ ಗೋಡೆಗೆ ಬಣ್ಣ ಬಳಿದಿದ್ದರು. ಪೂರ್ವದವರಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿ ಕಾವಲುಗಾರರ ಕೈಯಲ್ಲಿ ಬಂದೂಕಿತ್ತು. 1989ರ ನವೆಂಬರ್ 9ರ ರಾತ್ರಿ ಗಡಿ ತೆರೆಯಿತು. ಮರುವರ್ಷವೇ 21 ದೇಶಗಳ 118 ಕಲಾವಿದರು ಕುಂಚ ಹಿಡಿದು ಇದೇ ಪೂರ್ವದ ಬದಿಗೆ ಬಂದು ನಿಂತರು! ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಪೂರ್ವ ಜರ್ಮನಿಯ ಹೊನೆಕರ್ ಪರಸ್ಪರ ಮುತ್ತಿಡುವ ಚಿತ್ರವನ್ನು ರಷ್ಯದ ದ್ಮಿತ್ರಿ ವ್ರುಬೆಲ್ ಬರೆದರು. ಬಿರ್ಗಿಟ್ ಕಿಂಡರ್ ಅವರ ಚಿತ್ರದಲ್ಲಿ ಪೂರ್ವ ಜರ್ಮನಿಯ ಪುಟ್ಟ ‘ಟ್ರಾಬಂಟ್’ ಕಾರು ಗೋಡೆಯನ್ನೇ ಸೀಳಿಕೊಂಡು ಹೊರನುಗ್ಗುತ್ತದೆ. ಅದರ ನಂಬರ್ ಪ್ಲೇಟಿನಲ್ಲಿರುವುದು ಗಡಿ ತೆರೆದ ದಿನಾಂಕ.

ಆದರೆ ಹತ್ತೇ ವರ್ಷಗಳಲ್ಲಿ ಚಿತ್ರಗಳು ಮಂಕಾಗತೊಡಗಿದವು. ಏಕೆ? ನಮ್ಮೂರ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನು ನೆನಪಿಸಿಕೊಳ್ಳಿ. ಕೆಲವು ತಿಂಗಳಲ್ಲಿ ಕೆಂಪು, ಹಳದಿ ಮಾಯವಾಗಿ ನಾಯಕನ ಮುಖ ನೀಲಿಗಟ್ಟಿರುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಶಕ್ತಿ ಬಣ್ಣದ ಅಣುಗಳ ಬಂಧಗಳನ್ನು ಮುರಿಯಬಲ್ಲದು. ಬಂಧ ಮುರಿದರೆ ಆ ಅಣು ಮೊದಲಿನಂತೆ ಬೆಳಕನ್ನು ಹೀರುವುದಿಲ್ಲ, ಬಣ್ಣ ಕಾಣುವುದಿಲ್ಲ. ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್‌ನಂಥ ಖನಿಜ ಬಣ್ಣಗಳು ಇದನ್ನು ಬಹುಕಾಲ ತಾಳಿಕೊಳ್ಳುತ್ತವೆ. ಹಲವು ಕೃತಕ ಬಣ್ಣಗಳು ತಾಳುವುದಿಲ್ಲ.

ಇನ್ನೊಂದು ಶತ್ರು ಗೋಡೆಯ ಒಳಗೇ ಇತ್ತು. ಹೊಸ ಕಾಂಕ್ರೀಟ್ ಪ್ರತ್ಯಾಮ್ಲೀಯವಾದ್ದರಿಂದ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ನಿಧಾನವಾಗಿ ಒಳಸೇರಿ ಆ ಗುಣವನ್ನು ಕಳೆಯುತ್ತದೆ. ಆಮೇಲೆ ತೇವ ತಾಗಿದರೆ ಸಾಕು, ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಹಿಗ್ಗಿ ಕಾಂಕ್ರೀಟನ್ನು ಒಡೆಯುತ್ತದೆ, ಚಿತ್ರವೂ ಚಕ್ಕೆಯಾಗಿ ಉದುರುತ್ತದೆ. ಹಳೆಯ ಮನೆಗಳ ತಾರಸಿಯ ಅಡಿಭಾಗದಲ್ಲಿ ಇದನ್ನೇ ನೋಡಬಹುದು. ಸಾಲದ್ದಕ್ಕೆ ಪ್ರವಾಸಿಗರು ಚಿತ್ರಗಳ ಮೇಲೆ ತಮ್ಮ ಹೆಸರು ಗೀಚಿದರು. ಈ ಚಾಳಿ ನಮ್ಮ ದೇಶದ ಸ್ವತ್ತೇನಲ್ಲ.

2009ರಲ್ಲಿ ದೊಡ್ಡ ದುರಸ್ತಿ ನಡೆಯಿತು. ಗೋಡೆಯನ್ನು ಸರಿಪಡಿಸಿ, ಅವೇ ಚಿತ್ರಗಳನ್ನು ಮತ್ತೆ ಬರೆಯುವಂತೆ ಕಲಾವಿದರನ್ನು ಕೋರಲಾಯಿತು. ವ್ರುಬೆಲ್, ಕಿಂಡರ್ ಇಬ್ಬರೂ ಬಂದರು. ಕೊಡುವ ಹಣ ಸಾಲದೆಂದು ಕೆಲವರು ಒಪ್ಪಲಿಲ್ಲ. ಅನುಮತಿಯಿಲ್ಲದೆ ನಕಲು ಮಾಡಿದ್ದಾರೆಂಬ ತಕರಾರು ನ್ಯಾಯಾಲಯದವರೆಗೂ ಹೋಯಿತು. ಹಾಗಾದರೆ ಇಂದು ಅಲ್ಲಿ ಕಾಣುವುದು 1990ರ ಚಿತ್ರವೇ, 2009ರದೇ? ಮನೆಯಲ್ಲಿ ಮಕ್ಕಳೂ ಹಿರಿಯರೂ ಕೂತು ವಾದಿಸಬಹುದಾದ ಪ್ರಶ್ನೆ ಇದು. ಆದರೆ ಕಲಾವಿದರ ಸಿಟ್ಟು ನ್ಯಾಯವಾದದ್ದೇ. ಬರೆದವನನ್ನು ಕೇಳದೆ ಅವನ ಚಿತ್ರವನ್ನು ಮತ್ತೊಬ್ಬರು ಬರೆಯುವುದು ಸರಿಯಲ್ಲ.

ಬರ್ಲಿನ್ನಿಗೆ ಹೋಗುವ ಅವಕಾಶ ಸಿಕ್ಕವರು ಓಸ್ಟ್‌ಬಾನ್‌ಹೋಫ್ ರೈಲು ನಿಲ್ದಾಣದ ಬಳಿಯಿಂದ ಓಬರ್‌ಬಾಮ್ ಸೇತುವೆಯ ಕಡೆಗೆ ಗೋಡೆಯ ಗುಂಟ ನಡೆಯಬೇಕು. ಟಿಕೆಟ್ ಇಲ್ಲ. ಚಿತ್ರಗಳನ್ನು ನೋಡಿದ ಮೇಲೆ ಗೋಡೆಯ ಆಚೆ ಬದಿಗೂ ಹೋಗಿ ನದಿಯನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. 1989ರವರೆಗೆ ಪೂರ್ವ ಬರ್ಲಿನ್ನಿನ ಜನ ಈ ದಂಡೆಗೆ ಕಾಲಿಡುವಂತಿರಲಿಲ್ಲ.