‘ಸತ್ತಂ ಇಲ್ಲ ಸಾರ್!’ ಅಂದರೆ ಹೆದರಿಕೊಳ್ಳಿ

ಚೆನ್ನೈಗೆ ಬಂದ ಹೊಸದರಲ್ಲಿ ಕನ್ನಡದ ಕಿವಿಗೆ ಗಾಬರಿ ಹುಟ್ಟಿಸುವ ತಮಿಳು ಪದ ‘ಸತ್ತಂ’. ಸತ್ತಂ ಅಂದರೆ ಸದ್ದು, ಅಷ್ಟೇ. ಮೆಕ್ಯಾನಿಕ್ಕು ಗಾಡಿ ಸ್ಟಾರ್ಟ್ ಮಾಡಿ, ನಗುತ್ತಾ ‘ಸತ್ತಮೇ ಇಲ್ಲ ಸಾರ್’ ಅನ್ನುತ್ತಾನೆ. ನಾವು ಖುಷಿಯಾಗಿ ದುಡ್ಡು ಕೊಟ್ಟು ಬರುತ್ತೇವೆ. ನಾನು ಹೇಳೋದು ಇಷ್ಟೇ ಸ್ವಾಮಿ: ಹಳೇ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಟ್ಯಾಪೆಟ್ ಸದ್ದು ಪೂರ್ತಿ ನಿಂತರೆ ಅದು ರಿಪೇರಿ ಅಲ್ಲ. ಅಲ್ಲಿ ನಿಜವಾಗಿಯೂ ಏನೋ ಸಾಯೋಕೆ ಶುರುವಾಗಿದೆ.

ನನ್ನದು 1996ರ ಸಿಡಿ 100. ಅಂದಿನ ಹೀರೋ ಹೋಂಡಾ 1985ರಲ್ಲಿ ತಂದ ಆ 97.2 ಸಿಸಿ ಇಂಜಿನ್ನು. ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’ ಜಾಹೀರಾತು ನೆನಪಿದೆಯಲ್ಲ? ಅದು ಹೇಳಿದ್ದು ಪೆಟ್ರೋಲ್ ವಿಷಯ. ನಾವು ಇಡೀ ಇಂಜಿನ್ನನ್ನೇ ಮರೆತು ಕೂತೆವು!

ಲೆಕ್ಕ ನೋಡಿ. ಇಂಜಿನ್ 6000 ಆರ್‌ಪಿಎಂನಲ್ಲಿ ತಿರುಗಿದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಮುಚ್ಚಿದಾಗ ವಾಲ್ವ್ ಪೂರ್ತಿ ಸೀಟಿನ ಮೇಲೆ ಕೂರಬೇಕು. ಬೆಂಕಿಯಲ್ಲಿ ಕಾದ ಎಕ್ಸಾಸ್ಟ್ ವಾಲ್ವು ತನ್ನ ಶಾಖವನ್ನು ಬಹುಪಾಲು ಬಿಟ್ಟುಕೊಡುವುದು ಆ ಸೀಟಿಗೇ. ಅದಕ್ಕೇ ರಾಕರ್ ಆರ್ಮಿಗೂ ವಾಲ್ವಿಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನನ್ನ ಗಾಡಿಗೆ ಅದು 0.05 ಮಿ.ಮೀ. ಕೂದಲೆಳೆಯಷ್ಟು. ಆ ಜಾಗವೇ ಇಲ್ಲದಿದ್ದರೆ ವಾಲ್ವು ಸರಿಯಾಗಿ ಕೂರಲ್ಲ, ಶಾಖ ಹೋಗಲ್ಲ, ಅಂಚು ಸುಡುತ್ತದೆ. ಸಣ್ಣ ಟಿಕ್ ಟಿಕ್ ಸದ್ದು ಆ ಜಾಗ ಇದೆ ಅನ್ನೋದಕ್ಕೆ ಸಾಕ್ಷಿ.

ಜಾಗ ಹೆಚ್ಚಾದರೂ ತೊಂದರೆಯೇ. ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ರಾಕರು ಸುತ್ತಿಗೆಯ ಹಾಗೆ ಕುಟ್ಟುತ್ತದೆ. ಆದರೆ ಅದು ಕೂಗಿ ಹೇಳುವ ರೋಗ. ಜಾಗ ಕಮ್ಮಿಯಾಗೋದು ಮೌನವಾದ ರೋಗ. ಮೈಲೇಜ್ ಇಳಿಯುತ್ತೆ, ಐಡ್ಲಿಂಗ್ ನಿಲ್ಲಲ್ಲ, ಬೆಳಿಗ್ಗೆ ಹತ್ತು ಕಿಕ್ ಬೇಕು, ಫ್ಲೈಓವರ್ ಏರುವಾಗ ಗಾಡಿ ಏದುಸಿರು ಬಿಡುತ್ತೆ. ಆಗ ನಾವು ಕಾರ್ಬ್ಯುರೇಟರನ್ನು ಬೈಯುತ್ತೇವೆ!

ಬ್ಯಾಂಕಿನವನಾದ್ದರಿಂದ ಹೀಗೆ ಹೇಳ್ತೀನಿ. ದಿನದ ಕೊನೆಗೆ ಲೆಕ್ಕ ಕೂಡದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ತಳ್ಳಿ, ಟ್ಯಾಲಿ ಆಯ್ತು ಅಂತ ಮನೆಗೆ ಹೋಗಬಹುದು. ಪುಸ್ತಕ ಚೆಂದ ಕಾಣುತ್ತೆ. ತಪ್ಪು ಅಲ್ಲೇ ಇರುತ್ತೆ. ಟ್ಯಾಪೆಟ್ ಬಿಗಿದು ಸದ್ದು ನಿಲ್ಲಿಸೋದು ಇದೇ ಜಾತಿಯ ಕೆಲಸ.

ನಮ್ಮ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ನನ್ನ ಗಾಡಿಗೂ ಈ ಸೇವೆ ಆಯ್ತು. ಗಾಡಿ ಗರಗರ ಅನ್ನುತ್ತಿತ್ತು. ಬಿಸಿ ಇಂಜಿನ್ನಿನಲ್ಲೇ, ಗೇಜ್ ಇಲ್ಲದೆ, ಕೈ ಅಂದಾಜಿನಲ್ಲಿ ಟ್ಯಾಪೆಟ್ ಬಿಗಿದರು. ಕೆಲವು ತಿಂಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹೆಡ್ ಬಿಚ್ಚಬೇಕಾಯ್ತು. ಗರಗರ ಬಂದದ್ದು ಎಲ್ಲಿಂದ ಅಂತೀರಿ? ಕ್ಯಾಮ್ ಚೈನಿನಿಂದ! ಟ್ಯಾಪೆಟ್ಟಿನದು ಹೆಡ್ಡಿನ ಹತ್ತಿರ ಕೇಳುವ ಹಗುರವಾದ, ತಾಳಬದ್ಧ ಟಿಕ್ ಟಿಕ್. ಚೈನಿನದು ಸಿಲಿಂಡರಿನ ಪಕ್ಕದಿಂದ ಬರುವ ಒರಟು ಸದ್ದು, ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಬದಲಾಗುತ್ತೆ. ಉದ್ದ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಇಟ್ಟರೆ ಡಾಕ್ಟರ ಸ್ಟೆತಸ್ಕೋಪಿನಷ್ಟೇ ಚೆನ್ನಾಗಿ ಗೊತ್ತಾಗುತ್ತೆ.

ಸರಿಯಾದ ಕ್ರಮ ಬ್ರಹ್ಮವಿದ್ಯೆ ಏನಲ್ಲ. ಇಂಜಿನ್ ತಣ್ಣಗಿರಬೇಕು, ಅಂದರೆ 35 ಡಿಗ್ರಿಗಿಂತ ಕಡಿಮೆ. ಮೇ ತಿಂಗಳಲ್ಲಿ ಚೆನ್ನೈ ಗಾಳಿಯೇ ಅದನ್ನು ದಾಟುತ್ತೆ, ಆದ್ದರಿಂದ ಬೆಳಗಿನ ಜಾವವೇ ವಾಸಿ. ಮ್ಯಾಗ್ನೆಟ್ಟಿನ ‘ಟಿ’ ಗುರುತನ್ನು ಕೂಡಿಸಿ, ಎರಡೂ ರಾಕರ್ ಕೈಗೆ ಅಲ್ಲಾಡುತ್ತಿವೆಯೇ ನೋಡಿ. ಅಲ್ಲಾಡದಿದ್ದರೆ ಪಿಸ್ಟನ್ ಮೇಲೆ ಬಂದಿರೋದು ಎಕ್ಸಾಸ್ಟ್ ಸ್ಟ್ರೋಕಿನಲ್ಲಿ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. 0.05ರ ಎಸಳು ಸ್ವಲ್ಪ ಹಿಡಿದಂತೆ ಜಾರಬೇಕು. ಲಾಕ್ ನಟ್ ಬಿಗಿಯುವಾಗ ಜಾಗ ಬದಲಾಗುತ್ತೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಗೇಜ್ ಸರಿ ತೋರಿಸಿಯೂ ಸದ್ದು ಜೋರಾಗಿದ್ದರೆ ಟ್ಯಾಪೆಟ್ ಸ್ಕ್ರೂವಿನ ತುದಿ ಗುಳಿ ಬಿದ್ದಿದೆಯೇ, ಕ್ಯಾಮ್ ಸವೆದಿದೆಯೇ ನೋಡಬೇಕು. ಚಪ್ಪಟೆ ಎಸಳು ಗುಳಿಯ ಆಳವನ್ನು ಅಳೆಯಲಾರದು. ನಿಮ್ಮ ಗಾಡಿ ಬೇರೆಯಾದರೆ ಅದರ ಮ್ಯಾನ್ಯುಯಲ್ಲಿನ ಅಂಕಿಯೇ ವೇದವಾಕ್ಯ.

‘ಮೂವತ್ತು ವರ್ಷದ ಸರ್ವೀಸು ಸಾರ್, ಕೈಗೇ ಗೊತ್ತಾಗುತ್ತೆ’ ಅನ್ನುವವರಿದ್ದಾರೆ. ಅನುಭವಕ್ಕೆ ನಮಸ್ಕಾರ. ನನಗೂ ನೋಟು ಎಣಿಸಿ ಎಣಿಸಿ ಕೈ ಪಳಗಿದೆ. ಹಾಗಂತ ಎಣಿಸದೆ ಕಟ್ಟು ಹಿಡಿದು ನೋಡಿ ರಸೀದಿ ಕೊಟ್ಟರೆ ನೀವು ಒಪ್ತೀರಾ? 0.05ಕ್ಕೂ 0.02ಕ್ಕೂ ಇರುವ ಅಂತರ ಯಾವ ಬೆರಳಿಗೂ ತಿಳಿಯಲ್ಲ ಕಣ್ರೀ.

ಹಾಗಂತ ತಪ್ಪೆಲ್ಲ ಮೆಕ್ಯಾನಿಕ್ಕಿನ ತಲೆಗೆ ಕಟ್ಟೋದು ಅನ್ಯಾಯ. ಆಫೀಸಿಗೆ ಹೋಗುವ ದಾರಿಯಲ್ಲಿ ಬಿಸಿ ಗಾಡಿ ನಿಲ್ಲಿಸಿ ‘ಅರ್ಧ ಗಂಟೇಲಿ ಬೇಕು, ಸದ್ದು ಬರಬಾರದು’ ಅನ್ನುವವರು ಯಾರು? ಕೇಳಿದ್ದನ್ನೇ ಕೊಡ್ತಾರೆ. ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟುಬನ್ನಿ. ಗೇಜ್ ಹಾಕಿದರಾ ಅಂತ ಕೇಳಿ. ಆ ಸಮಯಕ್ಕೆ ದುಡ್ಡು ಕೊಡಿ, ಚೌಕಾಸಿ ಬೇಡ. ಇಷ್ಟೂ ಮಾಡದೆ ‘ಇಂಜಿನ್ ಹೋಯ್ತು’ ಅಂತ ಒಳ್ಳೇ ಗಾಡಿಗಳನ್ನು ಗುಜರಿಗೆ ಹಾಕುವುದನ್ನು ಕಂಡು ಹೊಟ್ಟೆ ಉರಿಯುತ್ತೆ.

ಏನಂತೀರಿ?