ಜೀಪಿನ ಮೇಲಿನ ಬಿಳಿ ನಕ್ಷತ್ರ

ಹಳೆಯ ಮೋಟಾರುಗಳ ಮಾರಾಟದ ಜಾಹೀರಾತುಗಳನ್ನು ಓದುವ ಹವ್ಯಾಸವುಳ್ಳವರಿಗೆ ಒಂದು ಬಗೆಯ ಒಕ್ಕಣೆ ಚಿರಪರಿಚಿತವಾಗಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಅಪ್ಪಟ ಅಮೆರಿಕನ್ ಜೀಪು, ಸಂಪೂರ್ಣ ಜೀರ್ಣೋದ್ಧಾರಗೊಂಡಿದೆ, ನಿಜವಾದ ಅಭಿಮಾನಿಗಳು ಮಾತ್ರ ವಿಚಾರಿಸಬೇಕು ಎಂಬುದು ಅದರ ಸಾರ. ಜೊತೆಗೊಂದು ಚಿತ್ರವಿರುತ್ತದೆ: ಮಾಸಲು ಹಸಿರು ಬಣ್ಣ, ಪಕ್ಕದಲ್ಲಿ ಬಿಗಿದ ಸನಿಕೆ ಮತ್ತು ಕೊಡಲಿ, ಹಿಂಬದಿಯಲ್ಲಿ ಪೆಟ್ರೋಲಿನ ಡಬ್ಬಿ, ಬಾನೆಟ್ಟಿನ ಮೇಲೆ ದೊಡ್ಡದೊಂದು ಬಿಳಿ ನಕ್ಷತ್ರ. ನಾನು ಇಲ್ಲಿ ಹೇಳಬೇಕೆಂದಿರುವುದು ಆ ನಕ್ಷತ್ರದ ವಿಷಯ. ತುಕ್ಕು ಹಿಡಿದ ವಾಹನಕ್ಕೆ ಮರುಜೀವ ಕೊಟ್ಟವನ ಶ್ರಮವು ಗೌರವಾರ್ಹವಾದುದು. ಅದನ್ನು ಮಾರಿ ನಾಲ್ಕು ಕಾಸು ಸಂಪಾದಿಸುವುದರಲ್ಲಿಯೂ ದೋಷವಿಲ್ಲ. ಆದರೆ ನಮ್ಮ ಮುಂಬಯಿಯಲ್ಲಿ ಮಾರಾಟಕ್ಕೆ ನಿಂತ ಜೀಪಿನ ಮೇಲೆ ಆ ನಕ್ಷತ್ರವನ್ನು ಬಳಿದಾಗ, ಅನೇಕ ವೇಳೆ, ಒಂದು ಚರಿತ್ರೆಯನ್ನು ಅಳಿಸಿ ಇನ್ನೊಂದನ್ನು ಬರೆದಂತಾಗುತ್ತದೆ. ಅಳಿಸಿಹೋಗುವುದು ಈ ನಗರದ ಚರಿತ್ರೆ.

ಜೀಪು ಹುಟ್ಟಿದುದು ಯುದ್ಧದ ಅವಸರದಲ್ಲಿ. ನಾಲ್ಕು ಗಾಲಿಗಳಿಗೂ ಯಂತ್ರದ ಬಲ ತಲುಪುವ, ಹಗುರವಾದ ಒಂದು ವಾಹನ ಬೇಕೆಂದು ೧೯೪೦ರಲ್ಲಿ ಅಮೆರಿಕದ ಸೈನ್ಯವು ಕೇಳಿದಾಗ, ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಕೇವಲ ೪೯ ದಿನಗಳಲ್ಲಿ ಮಾದರಿಯೊಂದನ್ನು ಕಟ್ಟಿಕೊಟ್ಟಿತು. ಪಾಪ, ಕೀರ್ತಿಯಾಗಲಿ ದೊಡ್ಡ ಗುತ್ತಿಗೆಯಾಗಲಿ ಅದಕ್ಕೆ ದೊರೆಯಲಿಲ್ಲ. ಅವು ವಿಲೀಸ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾದವು. ಯುದ್ಧ ಮುಗಿಯುವುದರೊಳಗೆ ಇವೆರಡೂ ಸೇರಿ ೬ ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದುವು. ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ನಾಲ್ಕು ಸಿಲಿಂಡರುಗಳ, ೬೦ ಅಶ್ವಶಕ್ತಿಯ ಯಂತ್ರ. ಹೆಡ್‌ಲೈಟುಗಳನ್ನು ಕೀಲಿನ ಮೇಲೆ ಹಿಂದಕ್ಕೆ ಮಗುಚಬಹುದಾಗಿತ್ತು. ರಾತ್ರಿ ಯಂತ್ರವು ಕೆಟ್ಟರೆ ಅದರ ಬೆಳಕಿನಲ್ಲಿಯೇ ದುರಸ್ತಿ ಮಾಡಿಕೊಳ್ಳಲೆಂದು ಈ ಏರ್ಪಾಡು. ರಣರಂಗದಲ್ಲಿ ಮೆಕಾನಿಕನನ್ನು ಎಲ್ಲಿಂದ ತರುವುದು!

ಯುದ್ಧಕಾಲದ ಜೀಪನ್ನು ಗುರುತಿಸುವ ಕೆಲವು ಲಕ್ಷಣಗಳನ್ನು ಹುಡುಗರು ತಿಳಿದಿರುವುದು ಒಳ್ಳೆಯದು. ಮುಂಭಾಗದ ಒತ್ತಚ್ಚಿನ ಜಾಲರಿಯಲ್ಲಿ ಉದ್ದುದ್ದವಾದ ಒಂಬತ್ತು ಸೀಳುಗಳಿದ್ದರೆ ಅದು ಯುದ್ಧಕಾಲದ್ದು. ಯುದ್ಧಾನಂತರ ನಾಗರಿಕರಿಗಾಗಿ ವಿಲೀಸ್ ಕಂಪೆನಿಯು ತಯಾರಿಸಿದ ಜೀಪುಗಳಲ್ಲಿ ಏಳೇ ಸೀಳುಗಳು. ಚಾಸಿಯ ಮುಂತುದಿಯ ಅಡ್ಡಪಟ್ಟಿಯು ದುಂಡನೆಯ ಕೊಳವೆಯಾಗಿದ್ದರೆ ವಿಲೀಸ್, ಮಡಿಸಿದ ತಗಡಿನ ಪಟ್ಟಿಯಾಗಿದ್ದರೆ ಫೋರ್ಡ್. ಫೋರ್ಡಿನವರಂತೂ ತಮ್ಮ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತಿದ್ದಾರೆ. ಕಬ್ಬಿಣದ ಮೇಲಿನ ಈ ಗುರುತುಗಳು ಸುಳ್ಳು ಹೇಳುವುದು ಅಪರೂಪ. ಸುಳ್ಳು ಹೇಳುವುದು ಬಣ್ಣ.

ಇನ್ನು ಮುಂಬಯಿಯ ಮಾತು. ಯುದ್ಧ ಮುಗಿದ ವರ್ಷವೇ, ಎಂದರೆ ೧೯೪೫ರ ಅಕ್ಟೋಬರಿನಲ್ಲಿ, ಜೆ. ಸಿ. ಮಹೀಂದ್ರ, ಕೆ. ಸಿ. ಮಹೀಂದ್ರ ಎಂಬ ಸೋದರರು ಗುಲಾಮ್ ಮಹಮ್ಮದರೊಡನೆ ಕೂಡಿ ‘ಮಹೀಂದ್ರ ಅಂಡ್ ಮಹಮ್ಮದ್’ ಎಂಬ ಉಕ್ಕಿನ ವ್ಯಾಪಾರದ ಕಂಪೆನಿಯನ್ನು ಇಲ್ಲಿ ಸ್ಥಾಪಿಸಿದರು. ದೇಶ ವಿಭಜನೆಯಾದಾಗ ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ಹೊರಟುಹೋದರು. ೧೯೪೮ರಲ್ಲಿ ಕಂಪೆನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. ವಿಲೀಸ್ ಜೀಪಿನ ಭಾಗಗಳನ್ನು ತರಿಸಿ ಮಝಗಾಂವಿನಲ್ಲಿ ಜೋಡಿಸುವ ಕೆಲಸವು ೧೯೪೯ರಲ್ಲಿ ಆರಂಭವಾಯಿತು. ಮುಂದೆ ಉಪನಗರವಾದ ಕಾಂದಿವಲಿಯಲ್ಲಿ ದೊಡ್ಡ ಕಾರ್ಖಾನೆಯೆದ್ದಿತು; ಜೋಡಣೆ ಹೋಗಿ ತಯಾರಿಕೆಯೇ ಇಲ್ಲಿ ನೆಲೆಗೊಂಡಿತು. ಸೈನ್ಯವು ವಿಲೇವಾರಿ ಮಾಡಿದ ಯುದ್ಧಕಾಲದ ಜೀಪುಗಳು ಕೈಯಿಂದ ಕೈಗೆ ಸಾಗಿ ದಶಕಗಳ ಕಾಲ ಈ ದೇಶದಲ್ಲಿ ಓಡಾಡಿದುದಕ್ಕೆ ಇದೊಂದು ಮುಖ್ಯ ಕಾರಣ. ಸವೆದ ಭಾಗಕ್ಕೆ ಬದಲಾಗಿ ಹೊಂದುವ ಭಾಗವೊಂದು ಇಲ್ಲಿಯೇ ಸಿಗುತ್ತಿತ್ತು. ಸಿಗದಿದ್ದಲ್ಲಿ ಚೋರ್ ಬಜಾರಿನಲ್ಲಿಯೋ ಕುರ್ಲಾದ ಗುಜರಿ ಅಂಗಡಿಗಳಲ್ಲಿಯೋ ಹುಡುಕಿ ತಂದು, ಲೇತಿಗೆ ಕೊಟ್ಟು, ಅರದಿಂದ ತೀಡಿ ಕೂರಿಸುವ ಕುಶಲಿಗಳಿದ್ದರು. (ಗುಜರಿಗೆ ಈ ನಗರದಲ್ಲಿ ‘ಭಂಗಾರ್’ ಎನ್ನುತ್ತಾರೆ, ನಮ್ಮ ‘ಬಂಗಾರ’ಕ್ಕೆ ಅದು ಇಷ್ಟು ಸಮೀಪವಾಗಿ ಕೇಳಿಸುವುದು ನನಗೆ ಯಾವಾಗಲೂ ಸೋಜಿಗ.)

ಹೀಗಿರುವಾಗ ಇಂದು ಮಾರಾಟಕ್ಕಿರುವ ‘ಅಪ್ಪಟ’ ಜೀಪಿನಲ್ಲಿ ಎಷ್ಟೋ ಬಾರಿ ಚಾಸಿಯೊಂದು ಮಾತ್ರ ಅಮೆರಿಕದ್ದು. ಉಳಿದುದರಲ್ಲಿ ಬಹುಭಾಗ ಕಾಂದಿವಲಿಯದು, ಕುರ್ಲಾದ್ದು. ಇದನ್ನು ಮುಚ್ಚಿಡುವುದೇಕೆ? ಬೆಲೆ ಇಳಿಯುತ್ತದೆಂಬ ಭಯ. ಇದು ಕೊಳ್ಳುವವನ ಮನೋಧರ್ಮಕ್ಕೂ ಸೇರಿದ ದೋಷ. ಪರದೇಶದ ಕಬ್ಬಿಣವು ಚರಿತ್ರೆ, ಸ್ವದೇಶದ ಕಬ್ಬಿಣವು ಕಲಬೆರಕೆ ಎಂಬ ಭಾವನೆ ಹವ್ಯಾಸಿಗಳಲ್ಲಿ ಬೇರೂರಿದೆ.

ನಕ್ಷತ್ರವನ್ನೇ ನೋಡಿರಿ. ಅದು ಅಮೆರಿಕದ ಸೈನ್ಯದ ಚಿಹ್ನೆ. ಅಸ್ಸಾಮಿನಿಂದ ಲೆಡೊ ರಸ್ತೆಯನ್ನು ಕಡಿದ ಅಮೆರಿಕನ್ ಪಡೆಗಳ ವಾಹನಗಳು ಅದನ್ನು ಧರಿಸಿದ್ದರೆ ಸರಿಯೇ. ಆದರೆ ಬರ್ಮಾದ ರಣರಂಗದಲ್ಲಿ ಕಾದಿದ ಭಾರತೀಯ ಸೈನ್ಯಕ್ಕೂ ಜೀಪುಗಳು ದೊರೆತಿದ್ದುವು, ಆ ಸೈನ್ಯದ ವಿಭಾಗಗಳಿಗೆ ತಮ್ಮವೇ ಆದ ಲಾಂಛನಗಳಿದ್ದುವು: ಹದಿನೇಳನೆಯ ವಿಭಾಗಕ್ಕೆ ಕರಿಯ ಬೆಕ್ಕು, ಐದನೆಯದಕ್ಕೆ ಕೆಂಪು ಚೆಂಡು. ಇಂಫಾಲದ ಸುತ್ತಲ ಕಾಳಗಗಳಲ್ಲಿ ಈ ಎರಡೂ ವಿಭಾಗಗಳು ಹೋರಾಡಿದುವು. ಅಂತಹ ಜೀಪೊಂದು ಮುಂಬಯಿಯ ಗ್ಯಾರೇಜಿಗೆ ಬಂದು, ಸಿನಿಮಾದಲ್ಲಿ ಕಂಡ ನಕ್ಷತ್ರವನ್ನು ಹಣೆಗೆ ಹಚ್ಚಿಸಿಕೊಂಡು ಹೊರಟರೆ, ಇಂಫಾಲದಲ್ಲಿ ದುಡಿದ ಸಿಪಾಯಿಗಳ ಸುಳಿವೇ ಅದರ ಮೇಲೆ ಉಳಿಯುವುದಿಲ್ಲ.

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳ ವಿಷಯದಲ್ಲಿ ಬಳಸುತ್ತೇವೆ. ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳರದು. ಅದರ ಮಹಾದ್ವಾರದ ಗೋಪುರವು ವಿಜಯನಗರದ ಕಾಲದ್ದು. ಮೂಲಕ್ಕೆ ಹೊಂದುವುದಿಲ್ಲವೆಂದು ಗೋಪುರವನ್ನು ಕೆಡಹಿಸಿದರೆ ಅದನ್ನು ಜೀರ್ಣೋದ್ಧಾರವೆಂದು ಯಾರೂ ಕರೆಯಲಾರರು. ಜೀಪಿಗೂ ಬೇರೆ ನ್ಯಾಯವೇಕೆ? ಯುದ್ಧದಲ್ಲಿ ಅದು ಕಳೆದುದು ಮೂರೋ ನಾಲ್ಕೋ ವರ್ಷ. ಆಮೇಲಿನ ದೀರ್ಘಾಯುಷ್ಯವನ್ನೆಲ್ಲ ಕಳೆದುದು ತೋಟದ ಗೊಬ್ಬರ ಹೊತ್ತು, ಅಧಿಕಾರಿಗಳನ್ನು ಹಳ್ಳಿಗಳಿಗೆ ಕರೆದೊಯ್ದು, ಚುನಾವಣೆಯ ಪೆಟ್ಟಿಗೆಗಳನ್ನು ಸಾಗಿಸಿ. ಕೊಲ್ಲೂರಿಗೆ ಹೋದ ನಮ್ಮವರಲ್ಲಿ ಅನೇಕರು ಕೊಡಚಾದ್ರಿಯನ್ನು ಏರಿರುವುದು ಜೀಪಿನಲ್ಲಿಯೇ; ಮಡಿಕೇರಿಯ ಕಡೆಯ ಮಾಂದಲಪಟ್ಟಿಗೂ ಜೀಪೇ ಗತಿ. ಆ ಕಲ್ಲುದಾರಿಯಲ್ಲಿ ಸೊಂಟ ನೋಯಿಸಿಕೊಂಡವರು ಈ ವಾಹನದ ಯೋಗ್ಯತೆಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

‘ದುರಸ್ತಿಗೊಂಡದ್ದು’ ಎಂಬ ಒಂದು ಮಾತನ್ನು ನಂಬಿ ದೇಶವೇ ಮೋಸಹೋದ ಉದಾಹರಣೆಯೂ ನಮ್ಮಲ್ಲಿದೆ. ೧೯೪೮ರಲ್ಲಿ, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ, ಸೈನ್ಯಕ್ಕಾಗಿ ದುರಸ್ತಿಗೊಂಡ ಹಳೆಯ ಜೀಪುಗಳನ್ನು ಕೊಳ್ಳುವ ಒಪ್ಪಂದವು ಲಂಡನ್ನಿನ ನಮ್ಮ ಹೈಕಮಿಷನರರ ಕಚೇರಿಯ ಮೂಲಕ ಆಯಿತು. ಬಂದಿಳಿದುವು ೧೫೫ ಜೀಪುಗಳು. ಅವೂ ಉಪಯೋಗಕ್ಕೆ ಬಾರದವೆಂದು ಕಂಡುಬಂದಿತು. ಸಂಸತ್ತಿನಲ್ಲಿ ಬಹಳ ಕೋಲಾಹಲವೆದ್ದು, ಕೊನೆಗೆ ೧೯೫೫ರಲ್ಲಿ ಪ್ರಕರಣವು ಮುಗಿಯಿತೆಂದು ಸರಕಾರವು ಸಾರಿತು. ಬಣ್ಣದ ಕೆಳಗೇನಿದೆಯೆಂದು ಕೇಳುವುದು ಬರಿಯ ಹವ್ಯಾಸಿಯ ಚಪಲವಲ್ಲವೆಂಬುದಕ್ಕಾಗಿ ಇದನ್ನು ನೆನೆದೆನು.

ಇಂತಹ ಯುದ್ಧವಾಹನಗಳು ಖಾಸಗಿ ಜನರ ಕೈಗೆ ಹೋಗಲೇಬಾರದು, ಎಲ್ಲವೂ ವಸ್ತುಸಂಗ್ರಹಾಲಯ ಸೇರಬೇಕು ಎಂದು ವಾದಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ನಮ್ಮ ಕಣ್ಣೆದುರಿನ ಉದಾಹರಣೆ ‘ವಿಕ್ರಾಂತ್’ ನೌಕೆಯದು. ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಅದರ ನಿರ್ಮಾಣ ಮೊದಲಾಯಿತು; ೧೯೬೧ರಲ್ಲಿ ಭಾರತದ ಧ್ವಜವನ್ನೇರಿಸಿತು; ೧೯೭೧ರ ಯುದ್ಧದಲ್ಲಿ ಕೀರ್ತಿಗಳಿಸಿತು; ೧೯೯೭ರಲ್ಲಿ ನಿವೃತ್ತವಾಯಿತು. ಕೆಲವು ಕಾಲ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿಯೂ ಇತ್ತು. ಅದನ್ನು ಉಳಿಸಿಕೊಳ್ಳುವ ಹಣ ಯಾರೂ ಕೊಡಲೊಲ್ಲದೆ, ೨೦೧೪ರಲ್ಲಿ ಸುಮಾರು ೬೦ ಕೋಟಿ ರೂಪಾಯಿಗೆ ಹರಾಜಾಗಿ, ಮಝಗಾಂವಿಗೆ ಸಮೀಪದ ದಾರುಖಾನಾದಲ್ಲಿ ತುಂಡುತುಂಡಾಯಿತು. ಅದರ ಉಕ್ಕಿನಿಂದ ಬಜಾಜ್ ಕಂಪೆನಿಯವರು ೨೦೧೬ರಲ್ಲಿ ಮೋಟಾರ್ ಸೈಕಲ್ ಮಾಡಿದರು. ಸಾರ್ವಜನಿಕರ ಸೊತ್ತೆಂದು ಹೆಮ್ಮೆಪಟ್ಟ ಮಹಾನೌಕೆಯ ಗತಿಯೇ ಇದಾದರೆ, ಒಂದು ಜೀಪನ್ನು ಕೈಯಿಂದ ಹಣ ಹಾಕಿ, ಭಾನುವಾರಗಳನ್ನು ತೆತ್ತು ನಡೆಯಿಸುವ ಹವ್ಯಾಸಿಯನ್ನು ಹೇಗೆ ನಿಂದಿಸೋಣ? ಮಾರಾಟವಾಗಲಿ. ಮಾರಾಟವಿಲ್ಲದಿದ್ದರೆ ಅದರ ಪಾಲಿಗಿರುವುದು ಭಂಗಾರಿನ ತಕ್ಕಡಿಯೊಂದೇ.

ಈ ಮಾರಾಟಕ್ಕೆ ಕಾಯಿದೆಯ ಒಪ್ಪಿಗೆಯೂ ಇದೆ. ೨೦೨೧ರಲ್ಲಿ ಕೇಂದ್ರ ಸರಕಾರವು ೫೦ ವರ್ಷ ಮೀರಿದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಗೊತ್ತುಮಾಡಿತು. ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ಪ್ರದರ್ಶನ, ರ್‍ಯಾಲಿ ಮೊದಲಾದುವಕ್ಕೆ ಓಡಿಸಬಹುದು, ನಿತ್ಯದ ಓಡಾಟಕ್ಕೆ ಸಲ್ಲದು. ಚಾಸಿ, ಒಡಲು, ಯಂತ್ರಗಳಲ್ಲಿ ಬಹಳವಾದ ಮಾರ್ಪಾಡಾಗಿರಕೂಡದೆಂಬ ಷರತ್ತೂ ಇದೆ. ಉದ್ದೇಶವು ಒಳ್ಳೆಯದೇ. ಆದರೆ ದುಡಿದು ಸವೆದು, ಭಾಗಗಳನ್ನು ಬದಲಿಸಿಕೊಂಡು ಬದುಕಿದ ವಾಹನವು ‘ನಾನು ಬದಲಾಗಿಯೇ ಇಲ್ಲ’ ಎಂದು ನಟಿಸುವುದಕ್ಕೆ ಇದು ಇನ್ನೊಂದು ನೆಪವಾಗದಿದ್ದರೆ ಸಾಕು.

ಮಾರುವವನಿಂದ ನಾವು ಕೇಳಬಹುದಾದುದು ಬಹಳ ದೊಡ್ಡದೇನೂ ಅಲ್ಲ. ಜೀಪಿನೊಡನೆ ಒಂದು ನೋಟುಪುಸ್ತಕ ಕೈಬದಲಾಗಲಿ. ಚಾಸಿಯ ಸಂಖ್ಯೆಯೇನು, ಯಾವ ಭಾಗವು ಮೂಲದ್ದು, ಯಾವುದು ಕಾಂದಿವಲಿಯದು, ಯಾವುದನ್ನು ಯಾವ ಗ್ಯಾರೇಜಿನ ಯಾವ ಮಿಸ್ತ್ರಿ ಯಾವ ವರ್ಷ ಮಾಡಿ ಕೂರಿಸಿದ ಎಂಬುದು ಅದರಲ್ಲಿರಲಿ. ಮಿಸ್ತ್ರಿಯ ಹೆಸರನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು ಹಗಲೆಲ್ಲ ಹೋಟೆಲುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದವರು. ಕೈಕೆಲಸದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲವೆಂಬುದನ್ನು ಅವರ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ. ಒಳಭಾಗದಲ್ಲಿ ಹಳೆಯ ಬಣ್ಣದ ಒಂದು ಅಂಗೈಯಗಲದ ತುಣುಕನ್ನು ಕೆರೆಯದೆ ಬಿಟ್ಟರೆ ಇನ್ನೂ ಲೇಸು. ಹಸಿರಿನ ಕೆಳಗೆ ಯಾವ ಇಲಾಖೆಯ ಯಾವ ಬಣ್ಣವಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ.

ವಿದ್ಯಾರ್ಥಿ ಮಿತ್ರರೇ, ಹಳೆಯ ವಾಹನಗಳ ರ್‍ಯಾಲಿ ನಮ್ಮ ನಗರದಲ್ಲಿ ಆಗಾಗ ನಡೆಯುತ್ತದೆ. ಮುಂದಿನ ಬಾರಿ ಹೋದಾಗ ನಕ್ಷತ್ರವನ್ನು ಬಿಟ್ಟು ಜಾಲರಿಯ ಸೀಳುಗಳನ್ನು ಎಣಿಸಿರಿ. ಒಂಬತ್ತಿದ್ದರೆ ಯಾವ ರಣರಂಗದಿಂದ ಬಂದಿತೆಂದು ಮಾಲಿಕರನ್ನು ಕೇಳಿರಿ. ಏಳಿದ್ದರೆ, ಮಝಗಾಂವಿನಲ್ಲಿ ಜೋಡಿಸಿದ್ದೋ ಕಾಂದಿವಲಿಯಲ್ಲಿ ತಯಾರಾದದ್ದೋ ಎಂದು ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಕೇಳಿರಿ.