ವಿಧಿವಿಜ್ಞಾನ ಪ್ರಯೋಗಾಲಯಗಳ ಮಾನ್ಯತೆ, ವಿದೇಶಿ ತಜ್ಞರ ಭೇಟಿ ಹಾಗೂ ಹುಣಸೂರು ಉಪವಿಭಾಗದ ಅರ್ಜಿದಾರರು

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಗ್ರಾಮವು ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದ್ದು, ಅಲ್ಲಿನ ಕಾವೇರಿ ಸೇತುವೆಯನ್ನು ದಾಟಿದೊಡನೆ ಕೊಡಗು ಜಿಲ್ಲೆಯ ಕುಶಾಲನಗರ ಆರಂಭವಾಗುತ್ತದೆ. ಈ ಭಾಗದಲ್ಲಿ ರೈತರೊಬ್ಬರು ಸಾಲಬಾಧೆಯಿಂದ ಆತ್ಮಹತ್ಯೆ ಮಾಡಿಕೊಂಡರೆಂದು ವರದಿಯಾದಲ್ಲಿ, ಅವರ ಕುಟುಂಬಕ್ಕೆ ದೊರೆಯಬೇಕಾದ ಪರಿಹಾರದ ಕಡತವು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯ ಮುಂದೆ ಮಂಡನೆಯಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಈ ಕಚೇರಿಯು ಹುಣಸೂರಿನಲ್ಲಿದೆ. ರಾಜ್ಯ ಸರ್ಕಾರವು 2015ರಲ್ಲಿ ಸದರಿ ಪರಿಹಾರದ ಮೊತ್ತವನ್ನು 5 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಿತು. ಕಡತದಲ್ಲಿ ಪಹಣಿ ಇರುತ್ತದೆ, ಬ್ಯಾಂಕಿನ ಸಾಲದ ವಿವರ ಇರುತ್ತದೆ, ಮರಣೋತ್ತರ ಪರೀಕ್ಷೆಯ ವರದಿಯೂ ಇರುತ್ತದೆ. ಆದರೂ ಅನೇಕ ಕಡತಗಳು ಒಂದೇ ಸಾಲಿನ ಷರಾದೊಂದಿಗೆ ತಿಂಗಳುಗಟ್ಟಲೆ ನಿಲ್ಲುವುದುಂಟು: "ಎಫ್.ಎಸ್.ಎಲ್. ವರದಿಯನ್ನು ನಿರೀಕ್ಷಿಸಲಾಗಿದೆ."

ಈ ಒಂದು ಸಾಲಿನ ಹಿಂದೆ ಎರಡು ಪ್ರಶ್ನೆಗಳಿವೆ. ವರದಿ ಯಾವಾಗ ಬರುತ್ತದೆ ಎಂಬುದು ಮೊದಲನೆಯದು. ಎಲ್ಲರೂ ಕೇಳುವುದು ಇದನ್ನೇ. ಬಂದ ವರದಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಎರಡನೆಯದು. ವಿಮಾ ಕಂಪನಿಯಾಗಲಿ ನ್ಯಾಯಾಲಯವಾಗಲಿ ತಕರಾರು ತೆಗೆಯುವವರೆಗೆ ಇದನ್ನು ಯಾರೂ ಕೇಳುವುದಿಲ್ಲ. ಪ್ರಯೋಗಾಲಯಗಳ ಮಾನ್ಯತೆ ಎಂಬ ವ್ಯವಸ್ಥೆಯು ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು. ವಿದೇಶಿ ತಜ್ಞರು ಇಲ್ಲಿಗೆ ಬರುವುದೂ ಇಲ್ಲಿನ ತಜ್ಞರು ವಿದೇಶಕ್ಕೆ ಹೋಗುವುದೂ ಈ ವ್ಯವಸ್ಥೆಯ ಅಂಗವೇ ಆಗಿದೆ. ಇಂತಹ ಭೇಟಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವ ಸಾರ್ವಜನಿಕರು, ಇದರಿಂದ ತಮ್ಮ ಕಡತಕ್ಕೇನು ಪ್ರಯೋಜನ ಎಂದು ಕೇಳುವುದು ಸಹಜ. ಪ್ರಯೋಜನ ಇದೆ, ಆದರೆ ಸಾಮಾನ್ಯವಾಗಿ ಭಾವಿಸಲಾಗುವ ರೀತಿಯಲ್ಲಿ ಅಲ್ಲ.

ಮಾನ್ಯತೆ ಎಂದರೆ ಹೊಸ ಕಟ್ಟಡವಲ್ಲ, ಹೊಸ ಯಂತ್ರವೂ ಅಲ್ಲ. ಪರೀಕ್ಷಾ ಪ್ರಯೋಗಾಲಯಗಳಿಗೆ ಅನ್ವಯಿಸುವ ಐ.ಎಸ್.ಓ./ಐ.ಇ.ಸಿ. 17025 ಎಂಬ ಅಂತರರಾಷ್ಟ್ರೀಯ ಮಾನಕವು 1999ರಲ್ಲಿ ಪ್ರಕಟವಾಗಿ, 2005 ಮತ್ತು 2017ರಲ್ಲಿ ಪರಿಷ್ಕೃತವಾಯಿತು. ಮಾದರಿಯನ್ನು ಯಾರು, ಯಾವ ದಿನ, ಯಾವ ಮೊಹರಿನೊಂದಿಗೆ ಸ್ವೀಕರಿಸಿದರು. ಪರೀಕ್ಷೆ ಮಾಡಿದ ಸಿಬ್ಬಂದಿ ಆ ಪರೀಕ್ಷೆಗೆ ಅಧಿಕೃತವಾಗಿ ನಿಯೋಜಿತರೇ. ಉಪಕರಣವನ್ನು ಕೊನೆಯದಾಗಿ ಸರಿದೂಗಿಸಿದ್ದು ಯಾವಾಗ. ಅನುಸರಿಸಿದ ವಿಧಾನ ಆ ಉದ್ದೇಶಕ್ಕೆ ತಕ್ಕುದೆಂದು ಮೊದಲೇ ಸಾಬೀತಾಗಿದೆಯೇ. ಫಲಿತಾಂಶದಲ್ಲಿ ಎಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ ಎಂಬಿವೇ ಅದು ಕೇಳುವ ಪ್ರಶ್ನೆಗಳು. ಇವೆಲ್ಲಕ್ಕೂ ಬರವಣಿಗೆಯಲ್ಲಿ ಉತ್ತರವಿರಬೇಕು. ಲೆಕ್ಕಪುಸ್ತಕ ಬರೆದವರೇ ಅದರ ತಪಾಸಣೆಯನ್ನೂ ಮಾಡುವಂತಿಲ್ಲ ಎಂಬುದು ವಾಣಿಜ್ಯದ ಹಳೆಯ ನಿಯಮ. ಈ ಮಾನಕವು ಅದನ್ನೇ ಪ್ರಯೋಗಾಲಯಕ್ಕೆ ಅನ್ವಯಿಸುತ್ತದೆ ಎನ್ನಬಹುದು. ಭಾರತದಲ್ಲಿ ಈ ಮಾನ್ಯತೆಯನ್ನು ನೀಡುವ ಪ್ರಮುಖ ಸಂಸ್ಥೆ ಎನ್.ಎ.ಬಿ.ಎಲ್. ಎಂಬ ರಾಷ್ಟ್ರೀಯ ಮಾನ್ಯತಾ ಮಂಡಳಿ. ಗುರುಗ್ರಾಮದಲ್ಲಿ ಕೇಂದ್ರ ಕಚೇರಿಯುಳ್ಳ ಈ ಮಂಡಳಿಯು ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾಗಿದೆ. ಕೇಂದ್ರ ಗೃಹ ಮಂತ್ರಾಲಯದ ವಿಧಿವಿಜ್ಞಾನ ಸೇವೆಗಳ ನಿರ್ದೇಶನಾಲಯವು ಇದೇ ಮಾನಕದ ಪ್ರಕಾರ ಗುಣಮಟ್ಟ ಕೈಪಿಡಿಗಳನ್ನೂ, ಡಿ.ಎನ್.ಎ., ವಿಷಶಾಸ್ತ್ರ, ಬಂದೂಕು ಮದ್ದುಗುಂಡು, ದಸ್ತಾವೇಜು, ಕಂಪ್ಯೂಟರ್ ಮೊದಲಾದ 9 ವಿಭಾಗಗಳಿಗೆ ಕಾರ್ಯವಿಧಾನ ಕೈಪಿಡಿಗಳನ್ನೂ ಹೊರಡಿಸಿದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ಮಾನ್ಯತೆಯು ಪ್ರಯೋಗಾಲಯಕ್ಕೆ ಒಟ್ಟಾರೆಯಾಗಿ ದೊರೆಯುವುದಿಲ್ಲ. ನಿರ್ದಿಷ್ಟ ಪರೀಕ್ಷೆಗಳಿಗೆ ದೊರೆಯುತ್ತದೆ. ಒಂದೇ ಕಟ್ಟಡದಲ್ಲಿ ಮದ್ಯಾಂಶದ ಪರೀಕ್ಷೆಗೆ ಮಾನ್ಯತೆ ಇದ್ದು, ಕೈಬರಹದ ಪರೀಕ್ಷೆಗೆ ಇಲ್ಲದಿರಬಹುದು.

ಹಾಗಾದರೆ ವಿದೇಶಿಯರ ಪಾತ್ರವೇನು? ಪ್ರಯೋಗಾಲಯವನ್ನು ಎನ್.ಎ.ಬಿ.ಎಲ್. ಪರಿಶೀಲಿಸುತ್ತದೆ. ಎನ್.ಎ.ಬಿ.ಎಲ್.ಅನ್ನು ಪರಿಶೀಲಿಸುವವರು ಯಾರು? ಬೇರೆ ದೇಶಗಳ ಅಂತಹುದೇ ಮಂಡಳಿಗಳ ತಜ್ಞರು. 2000ರ ನವೆಂಬರ್ 2ರಂದು ವಾಷಿಂಗ್ಟನ್‌ನಲ್ಲಿ ಹಲವು ದೇಶಗಳ ಮಾನ್ಯತಾ ಮಂಡಳಿಗಳು ಪರಸ್ಪರ ಅಂಗೀಕಾರದ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಭಾರತವೂ ಸೇರಿದ ಈ ವ್ಯವಸ್ಥೆಯಲ್ಲಿ ನಮ್ಮ ಭಾಗಕ್ಕೆ ಸಂಬಂಧಿಸಿದ ಕೆಲಸವನ್ನು 2019ರಿಂದ ಏಷ್ಯಾ-ಪೆಸಿಫಿಕ್ ಮಾನ್ಯತಾ ಸಹಕಾರ ಸಂಸ್ಥೆಯು ನೋಡಿಕೊಳ್ಳುತ್ತಿದೆ. ಗರಿಷ್ಠ 4 ವರ್ಷಗಳಿಗೊಮ್ಮೆ ವಿದೇಶಿ ಮೌಲ್ಯಮಾಪಕರ ತಂಡವು ಬಂದು, ಮಂಡಳಿಯ ಕಚೇರಿಯಲ್ಲಿ ಕಡತಗಳನ್ನು ನೋಡುವುದಲ್ಲದೆ, ಭಾರತೀಯ ಪರಿಶೀಲಕರು ಪ್ರಯೋಗಾಲಯಗಳಲ್ಲಿ ಹೇಗೆ ತಪಾಸಣೆ ನಡೆಸುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ಗಮನಿಸುತ್ತದೆ. ಅಂತೆಯೇ ಭಾರತದ ಮೌಲ್ಯಮಾಪಕರೂ ಇತರ ದೇಶಗಳಿಗೆ ತೆರಳುತ್ತಾರೆ. ಸದ್ದುಗದ್ದಲವಿಲ್ಲದ, ಛಾಯಾಚಿತ್ರಗಳೂ ಹೆಚ್ಚು ಪ್ರಕಟವಾಗದ ಈ ಭೇಟಿಗಳೇ ಎಲ್ಲಕ್ಕಿಂತ ಹೆಚ್ಚು ಫಲ ನೀಡುವಂತಹವು.

ಎರಡನೆಯ ಬಗೆಯ ಭೇಟಿಗಳು ನೆರವಿನ ರೂಪದವು. ಅಮೆರಿಕದ ನ್ಯಾಯ ಇಲಾಖೆಯು 1986ರಲ್ಲಿ ಸ್ಥಾಪಿಸಿದ ಐಸಿಟ್ಯಾಪ್ ಎಂಬ ತರಬೇತಿ ನೆರವು ಕಾರ್ಯಕ್ರಮವು ಮೆಕ್ಸಿಕೊ ಮೊದಲಾದ ದೇಶಗಳ ಪ್ರಯೋಗಾಲಯಗಳು ಮಾನ್ಯತೆ ಪಡೆಯಲು ತಜ್ಞರನ್ನು ಒದಗಿಸಿತು. ಆಗತಾನೆ ಆರಂಭವಾಗುತ್ತಿರುವ ಪ್ರಯೋಗಾಲಯಗಳು ಒಮ್ಮೆಲೇ ಪೂರ್ಣ ಮಾನಕವನ್ನು ತಲುಪಲಾರವೆಂಬುದನ್ನು ಮನಗಂಡು, ವಿವಿಧ ಖಂಡಗಳ ವಿಧಿವಿಜ್ಞಾನ ಜಾಲಗಳ ಒಕ್ಕೂಟವು 2014ರಲ್ಲಿ ಡಿ.ಎನ್.ಎ., ಮಾದಕ ವಸ್ತು ಹಾಗೂ ಅಪರಾಧ ಸ್ಥಳ ಪರಿಶೀಲನೆಗೆ ಕನಿಷ್ಠ ಅಗತ್ಯಗಳ ದಸ್ತಾವೇಜುಗಳನ್ನು ಪ್ರಕಟಿಸಿತು. ಭಾರತವು ಈಗ ಕೊಡುವ ಸ್ಥಾನದಲ್ಲಿಯೂ ಇದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು 2023ರಲ್ಲಿ ಉಗಾಂಡಾ ದೇಶದ ಜಿಂಜಾದಲ್ಲಿ ತನ್ನ ಆವರಣವನ್ನು ಆರಂಭಿಸಿತು. ಅದೇ ವರ್ಷದ ಜನವರಿಯಲ್ಲಿ ಇದೇ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ ಶಂಕುಸ್ಥಾಪನೆ ನೆರವೇರಿತು.

ಮೂರನೆಯ ಬಗೆಯದು ಅಧ್ಯಯನ ಪ್ರವಾಸ. ಯಾವ ಪರೀಕ್ಷೆಯಲ್ಲಿ ಯಾವ ಕೊರತೆ ಇದೆ ಎಂಬುದನ್ನು ಮೊದಲೇ ಗುರುತಿಸಿಕೊಂಡು ಹೋದಲ್ಲಿ ಇದರಿಂದಲೂ ಲಾಭವಿದೆ. ಹಾಗಲ್ಲದಿದ್ದಲ್ಲಿ ಉಳಿಯುವುದು ಪ್ರವಾಸದ ವರದಿ ಮಾತ್ರ. ಒಂದು ದೊಡ್ಡ ಪ್ರಯೋಗಾಲಯವನ್ನು ಎರಡು ದಿನ ಸುತ್ತಿ ನೋಡುವುದಕ್ಕಿಂತ, ಹೊರಗಿನ ಸಂಸ್ಥೆಯೊಂದು ಉತ್ತರವನ್ನು ತಾನೇ ಇಟ್ಟುಕೊಂಡು ಕಳುಹಿಸಿದ ಗುಪ್ತ ಮಾದರಿಯನ್ನು ತನ್ನ ಮೇಜಿನ ಮೇಲೆಯೇ ಪರೀಕ್ಷಿಸಿ, ಫಲಿತಾಂಶವನ್ನು ಇತರ ಪ್ರಯೋಗಾಲಯಗಳ ಫಲಿತಾಂಶದೊಂದಿಗೆ ತಾಳೆ ನೋಡುವುದು ಹೆಚ್ಚು ಕಲಿಸುತ್ತದೆ. ಅದರ ವೆಚ್ಚವೂ ಕಡಿಮೆ.

ಹೊರಗಿನ ಕಣ್ಣು ಇಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹ್ಯೂಸ್ಟನ್ ನಗರದ ಪೊಲೀಸ್ ಪ್ರಯೋಗಾಲಯವೇ ನಿದರ್ಶನ. ಮಾನ್ಯತೆ ಇಲ್ಲದೆ ನಡೆಯುತ್ತಿದ್ದ ಅದರ ಡಿ.ಎನ್.ಎ. ವಿಭಾಗವನ್ನು, ಹೊರಗಿನವರ ತಪಾಸಣೆಯ ನಂತರ, 2002ರ ಡಿಸೆಂಬರ್‌ನಲ್ಲಿ ಸ್ಥಗಿತಗೊಳಿಸಲಾಯಿತು. ಅಲ್ಲಿನ ವರದಿಯ ಆಧಾರದ ಮೇಲೆ 1999ರಲ್ಲಿ ಶಿಕ್ಷೆಗೊಳಗಾಗಿದ್ದ ಜೋಸಯ್ಯ ಸಟನ್ ಎಂಬ ಯುವಕನು, ಮರುಪರೀಕ್ಷೆಯಲ್ಲಿ ಮಾದರಿ ಆತನದಲ್ಲವೆಂದು ತಿಳಿದುಬಂದು 2003ರಲ್ಲಿ ಹೊರಬಂದನು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಯ ಸಮಿತಿಯು ವಿಧಿವಿಜ್ಞಾನ ಪ್ರಯೋಗಾಲಯಗಳ ಮಾನ್ಯತೆಯನ್ನು ಕಡ್ಡಾಯಗೊಳಿಸಬೇಕೆಂದು ಶಿಫಾರಸು ಮಾಡಿತು.

ಕರ್ನಾಟಕದ ಅನುಭವವೂ ಇಲ್ಲಿ ಪ್ರಸ್ತುತ. 2000ದ ದಶಕದಲ್ಲಿ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಯಿಂದಾಗಿ ದೇಶದಾದ್ಯಂತ ಹೆಸರಾಗಿತ್ತು. ನಕಲಿ ಛಾಪಾ ಕಾಗದ ಪ್ರಕರಣದ ತೆಲಗಿಯೂ ಈ ಪರೀಕ್ಷೆಗೆ ಒಳಗಾದವನೇ. ದೂರದರ್ಶನ ವಾಹಿನಿಗಳಲ್ಲಿ ಅದರ ದೃಶ್ಯಗಳನ್ನು ಕಂಡವರಿಗೆ ಅದು ವಿಜ್ಞಾನದ ಕೊನೆಯ ಮಾತೆಂದೇ ತೋರಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪು ನೀಡಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಮೆದುಳಿನ ಸ್ಪಂದನ ಪರೀಕ್ಷೆಗಳನ್ನು ವ್ಯಕ್ತಿಯ ಸಮ್ಮತಿಯಿಲ್ಲದೆ ನಡೆಸುವಂತಿಲ್ಲವೆಂದು ಸಾರಿತು. ಸಂವಿಧಾನದ ಹಕ್ಕುಗಳೇ ಆ ತೀರ್ಪಿನ ಮುಖ್ಯ ಆಧಾರವಾದರೂ, ಆ ಪರೀಕ್ಷೆಗಳ ವಿಶ್ವಾಸಾರ್ಹತೆಯ ಬಗ್ಗೆಯೂ ಅದರಲ್ಲಿ ವಿಸ್ತಾರವಾದ ಚರ್ಚೆ ನಡೆಯಿತು. ವಿಧಾನವು ಉದ್ದೇಶಕ್ಕೆ ತಕ್ಕುದೇ ಎಂಬ ಪ್ರಶ್ನೆಯನ್ನು ಪ್ರಯೋಗಾಲಯವೇ ಮೊದಲು ಕೇಳಿಕೊಳ್ಳದಿದ್ದಲ್ಲಿ, ವರ್ಷಗಳ ನಂತರ ಅದನ್ನು ನ್ಯಾಯಾಲಯ ಕೇಳುತ್ತದೆ. ಅಷ್ಟರಲ್ಲಿ ಪ್ರಕರಣಗಳು ಮುಗಿದಿರುತ್ತವೆ, ಮನೆಗಳೂ ಒಡೆದಿರುತ್ತವೆ.

ಮಾನ್ಯತೆ ಇದ್ದ ಮಾತ್ರಕ್ಕೆ ತಪ್ಪು ನಡೆಯುವುದಿಲ್ಲವೆಂದೂ ಭಾವಿಸಬಾರದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯವೊಂದರಲ್ಲಿ ದತ್ತಾಂಶಗಳನ್ನು ತಿರುಚಿದ ಸಂಗತಿ 2017ರಲ್ಲಿ ಬಯಲಾಗಿ, 10,000ಕ್ಕೂ ಹೆಚ್ಚು ಪ್ರಕರಣಗಳು ಸಂಶಯಕ್ಕೆ ಒಳಗಾದವು. ಆದರೆ ದಾಖಲೆಗಳನ್ನು ಇಟ್ಟಿದ್ದ ಕಾರಣದಿಂದಲೇ ಯಾವ ಯಾವ ಮಾದರಿಗಳನ್ನು ಮರುಪರೀಕ್ಷೆಗೆ ಒಳಪಡಿಸಬೇಕೆಂಬುದನ್ನು ಗುರುತಿಸಲು ಸಾಧ್ಯವಾಯಿತೆಂಬುದನ್ನೂ ಮರೆಯುವಂತಿಲ್ಲ.

ಹುಣಸೂರು ಉಪವಿಭಾಗದ ಕಡತಕ್ಕೆ ಮರಳುವುದಾದರೆ, ಬೈಲುಕುಪ್ಪೆ ಭಾಗದಲ್ಲಿ ದಾಖಲಾದ ಅಸ್ವಾಭಾವಿಕ ಮರಣ ಪ್ರಕರಣದ ಮಾದರಿಗಳು ಆಸ್ಪತ್ರೆಯಲ್ಲಿ ಮೊಹರಾಗಿ, ಠಾಣೆಯ ಮೂಲಕ ಸಾಮಾನ್ಯವಾಗಿ ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಲುಪುತ್ತವೆ. ಅಲ್ಲಿ ಸೌಲಭ್ಯವಿಲ್ಲದ ಪರೀಕ್ಷೆಗಳಿಗೆ ಬೆಂಗಳೂರಿಗೆ ಹೋಗುತ್ತವೆ. ಶೀಷೆಯ ಮುಚ್ಚಳ ಸಡಿಲವಾಗಿದ್ದರೂ, ಮೊಹರಿನ ಅಚ್ಚು ಮಾದರಿ ಮೊಹರಿನೊಂದಿಗೆ ತಾಳೆಯಾಗದಿದ್ದರೂ, ಪತ್ರದಲ್ಲಿ ಮೃತರ ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ಆಕ್ಷೇಪಣೆಯೊಂದಿಗೆ ಹಿಂದಿರುಗುವ ಸಂಭವವಿದೆ. ಮಾನಕವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪ್ರಯೋಗಾಲಯವು ಇಂತಹ ಮಾದರಿಯನ್ನು ಸುಮ್ಮನೆ ಒಳಗೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮಾನ್ಯತೆಯ ಪರಿಣಾಮವು ಮೈಸೂರಿನ ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಪಿರಿಯಾಪಟ್ಟಣದ ಆಸ್ಪತ್ರೆಯ ಮೇಜಿನ ಮೇಲೂ ಠಾಣೆಯ ಬರಹಗಾರರ ವಹಿಯಲ್ಲೂ ಕಾಣಬೇಕಾಗುತ್ತದೆ. ವಿದೇಶಿ ತಜ್ಞರು ಎಷ್ಟು ಬಾರಿ ಬಂದರೂ ಈ ಮೊದಲ ಮೆಟ್ಟಿಲನ್ನು ಅವರು ನೋಡುವುದು ಅಪರೂಪ.

ಕೊಪ್ಪದಂತಹ ಊರಿಗೆ ಈ ವಿಷಯ ಇನ್ನೊಂದು ಕಾರಣಕ್ಕೂ ಸಂಬಂಧಿಸುತ್ತದೆ. ಪಕ್ಕದಲ್ಲಿಯೇ 1960ರ ದಶಕದ ಆರಂಭದಿಂದ ಬೈಲುಕುಪ್ಪೆಯ ಟಿಬೆಟನ್ ವಸತಿ ಪ್ರದೇಶವಿದ್ದು, ನಾಮ್‌ಡ್ರೋಲಿಂಗ್ ಮಠಕ್ಕೆ ಅನೇಕ ದೇಶಗಳ ಯಾತ್ರಿಕರು ಬರುತ್ತಾರೆ. ವಿದೇಶಿಯರೊಬ್ಬರು ಇಲ್ಲಿ ಅಪಘಾತದಲ್ಲಿ ಮೃತಪಟ್ಟಲ್ಲಿ, ರಕ್ತದ ಪರೀಕ್ಷೆಯ ವರದಿಯನ್ನು ಮತ್ತೊಂದು ದೇಶದ ವಿಮಾ ಸಂಸ್ಥೆಯು ಓದುತ್ತದೆ. ಪರಸ್ಪರ ಅಂಗೀಕಾರದ ಒಪ್ಪಂದದ ಗುರುತುಳ್ಳ ವರದಿಯನ್ನು ಅಲ್ಲಿ ಹೊಸದಾಗಿ ಸಮರ್ಥಿಸುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ. ವಿದೇಶದಲ್ಲಿ ದುಡಿಯುತ್ತಿರುವ ಈ ಭಾಗದವರ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ.

ವರದಿಯ ಮೇಲಿನ ಭಾರ ಇನ್ನು ಮುಂದೆ ಹೆಚ್ಚಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಪ್ರಕರಣದಂತೆ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕು. ರಾಜ್ಯ ಸರ್ಕಾರಗಳು 5 ವರ್ಷಗಳೊಳಗೆ ಇದಕ್ಕೆ ದಿನಾಂಕವನ್ನು ಅಧಿಸೂಚಿಸಬೇಕಾಗಿದೆ. 329ನೇ ಪ್ರಕರಣದಂತೆ ನಿಗದಿತ ಸರ್ಕಾರಿ ತಜ್ಞರ ವರದಿಯನ್ನು, ತಜ್ಞರು ಖುದ್ದು ಹಾಜರಾಗದಿದ್ದರೂ, ನ್ಯಾಯಾಲಯವು ಸಾಕ್ಷ್ಯವಾಗಿ ಬಳಸಬಹುದು. ಅಗತ್ಯವೆನಿಸಿದಲ್ಲಿ ಮಾತ್ರ ಅವರನ್ನು ಕರೆಸುತ್ತದೆ. ಮನುಷ್ಯನ ಬದಲು ಕಾಗದವೇ ಸಾಕ್ಷಿ ನುಡಿಯುವಾಗ ಆ ಕಾಗದ ಗಟ್ಟಿಯಾಗಿರಬೇಕಾಗುತ್ತದೆ. ಮಾದರಿಗಳ ಸಂಖ್ಯೆ ಏರುತ್ತಾ ಪರೀಕ್ಷಕರ ಸಂಖ್ಯೆ ಇದ್ದಷ್ಟೇ ಉಳಿದಲ್ಲಿ, ಮಾನಕವು ಬೇಡುವ ದಾಖಲೆಗಳ ಕೆಲಸವೂ ಸೇರಿ ವಿಳಂಬ ಹೆಚ್ಚಬಹುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾನ್ಯತೆ ಮತ್ತು ಹುದ್ದೆಗಳ ಭರ್ತಿ ಜೊತೆಜೊತೆಯಾಗಿ ಸಾಗಿದಲ್ಲಿ ಮಾತ್ರ ಅರ್ಜಿದಾರರ ಎರಡೂ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಸಾರ್ವಜನಿಕರ ಗಮನಕ್ಕೆ: ಪ್ರಯೋಗಾಲಯವು ವರದಿಯನ್ನು ಮಾದರಿ ಕಳುಹಿಸಿದ ಠಾಣೆಗೆ ಅಥವಾ ನ್ಯಾಯಾಲಯಕ್ಕೆ ಕಳುಹಿಸುತ್ತದೆಯೇ ಹೊರತು ಕುಟುಂಬದವರಿಗೆ ನೇರವಾಗಿ ನೀಡುವುದಿಲ್ಲ. ಆದ್ದರಿಂದ ಅರ್ಜಿದಾರರು ಮೈಸೂರಿಗೆ ಅಲೆಯುವ ಬದಲು, ಪ್ರಕರಣ ದಾಖಲಾದ ಠಾಣೆಯಲ್ಲಿ ಯು.ಡಿ.ಆರ್. ಅಥವಾ ಅಪರಾಧ ಸಂಖ್ಯೆಯನ್ನು ನಮೂದಿಸಿ, ಮಾದರಿಗಳನ್ನು ಕಳುಹಿಸಿದ ದಿನಾಂಕ ಮತ್ತು ಪ್ರಯೋಗಾಲಯದ ಸ್ವೀಕೃತಿಯ ವಿವರವನ್ನು ಲಿಖಿತವಾಗಿ ಕೇಳುವುದು ಸೂಕ್ತ. ಮಾದರಿ ಠಾಣೆಯಲ್ಲಿಯೇ ಉಳಿದಿದೆಯೇ, ಪ್ರಯೋಗಾಲಯದಲ್ಲಿ ಸರದಿಯಲ್ಲಿದೆಯೇ ಅಥವಾ ವರದಿ ಬಂದೂ ಕಡತಕ್ಕೆ ಸೇರಿಲ್ಲವೇ ಎಂಬುದು ಇದರಿಂದ ತಿಳಿಯುತ್ತದೆ; ಕೊನೆಯದು ಅಪರೂಪವೇನಲ್ಲ. ಅಪರಾಧ ಪ್ರಕರಣಗಳಲ್ಲಿ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂದು ಸಂಹಿತೆಯ 193ನೇ ಪ್ರಕರಣದಲ್ಲಿ ಹೇಳಲಾಗಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಪೊಲೀಸ್ ಇಲಾಖೆಗೆ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು; ತನಿಖೆಗೆ ಅಡ್ಡಿಯಾಗುವಂತಹ ಮಾಹಿತಿಯನ್ನು 8(1)(ಎಚ್) ಪ್ರಕಾರ ನಿರಾಕರಿಸಲು ಅವಕಾಶವಿದೆ. ವರದಿಯು ಕೈಸೇರಿದ ನಂತರ, ಅದನ್ನು ನೀಡಿದ ಪ್ರಯೋಗಾಲಯಕ್ಕೆ ಆ ನಿರ್ದಿಷ್ಟ ಪರೀಕ್ಷೆಯಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಎನ್.ಎ.ಬಿ.ಎಲ್. ಜಾಲತಾಣದಲ್ಲಿ ಪ್ರಯೋಗಾಲಯದ ಹೆಸರಿನ ಮೂಲಕ ಹುಡುಕಿ ನೋಡಬಹುದು. ಹಾಗೆ ನೋಡುವಾಗ ಪರೀಕ್ಷೆಗಳ ಪಟ್ಟಿಯೊಂದಿಗೆ ಪ್ರಮಾಣಪತ್ರದ ಅವಧಿಯನ್ನೂ, ಮಾದರಿ ಪರೀಕ್ಷೆಗೆ ಒಳಗಾದ ದಿನಾಂಕವು ಆ ಅವಧಿಯೊಳಗೆ ಬರುತ್ತದೆಯೇ ಎಂಬುದನ್ನೂ ತಾಳೆ ನೋಡತಕ್ಕದ್ದು.